ಲಿಂಗಾಜಕ್ಕನ ರೂಲು

ನಮ್ಮೂರಿನಿಂದ ತಂತಿಯ ಮೇಲೆ ಹೊರಗೆ ಹೋದದ್ದು ಊರಿನಲ್ಲಿ ಉಳಿಯುವುದಿಲ್ಲ. ಬಸ್ಸು ಹತ್ತಿ ಹೋಗಿ ಯಾರಿಗೆ ಏನು ಬೇಕಾದರೂ ಹೇಳಿಬನ್ನಿ, ಏನೂ ಆಗುವುದಿಲ್ಲ. ಇದನ್ನೂ ನಾನು ಹಾಳೆಯ ಮೇಲೆ ಬರೆದು ಕಂಡಕ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಆದರೆ ಫೋನಿನಲ್ಲೋ ಮೆಸೇಜಿನಲ್ಲೋ ಹೇಳಿದಿರೋ, ಮುಗಿಯಿತು. ಅದು ಆಚೆ ಕೇಳಿಸಿಕೊಂಡವರ ಪಾಲಾಗುತ್ತದೆ. ಈಚೆ ಹೇಳಿದವರಿಗಷ್ಟೇ ಅಲ್ಲ, ಇಡೀ ಊರಿಗೇ ಮರೆತುಹೋಗುತ್ತದೆ. ಮೇಲಿನ ಬೀದಿಯ ಕಮಲಾಕ್ಷಮ್ಮ ಹೊರಗಿದ್ದ ಸೊಸೆಗೆ ಫೋನಿನಲ್ಲಿ ಹುಣಿಸೆ ಗೊಜ್ಜು ಮಾಡುವುದನ್ನು ಹೇಳಿಕೊಟ್ಟ ಮರುದಿನ ಊರಿನ ಹೆಂಗಸರೆಲ್ಲ ನೆನೆಸಿದ ಹುಣಿಸೆಹಣ್ಣು ಮುಂದಿಟ್ಟುಕೊಂಡು, ಇದನ್ನು ಯಾಕೆ ನೆನೆಸಿದೆವು ಎಂದು ಒಬ್ಬರ ಮುಖ ಒಬ್ಬರು ನೋಡಿದ್ದರು. ಸೊಸೆ ಒಳ್ಳೆಯವಳು, ತಿರುಗಿ ಫೋನ್ ಮಾಡಿ ಪಾಠ ಒಪ್ಪಿಸಿದಳು. ನಾವೂ ಮಾಡಿದೆವು. ರುಚಿಯಾಗಿಯೇ ಇತ್ತು, ಆದರೆ ಯಾರದೋ ಮನೆಯಲ್ಲಿ ಉಂಡ ಹಾಗಿತ್ತು. ಹೊರಗಿನಿಂದ ವಾಪಸು ಬಂದದ್ದೆಲ್ಲ ಹಾಗೆಯೇ, ತಿಳಿಯುತ್ತದೆ, ನೆನಪಾಗುವುದಿಲ್ಲ.

ಹಾಗಂತ ನಾವೇನು ಬಾಯಿ ಹೊಲಿದುಕೊಂಡು ಕೂತಿಲ್ಲ. ಜಾಣರು ಬೇಡದ್ದನ್ನು ಹುಡುಕಿ ಹುಡುಕಿ ಹೊರಗೆ ಹೇಳುತ್ತಾರೆ. ನಮ್ಮ ಪುರಸಭೆಯ ಮುಖ್ಯಾಧಿಕಾರಿಗಳು ಸಭೆಯ ನಡುವೆ ತಮ್ಮ ಪಂಚೆ ಜಾರಿದ ಸಂಗತಿಯನ್ನು ಅಳಿಯನಿಗೆ ಮೆಸೇಜು ಮಾಡಿ ಕೈತೊಳೆದುಕೊಂಡಿದ್ದರು. ಅಳಿಯ ಅದನ್ನು ಕಾಗದದಲ್ಲಿ ಬರೆದು ಅಂಚೆಗೆ ಹಾಕಿದ್ದರಿಂದ ನಮಗೆಲ್ಲ ಮತ್ತೆ ಗೊತ್ತಾಯಿತು.

ಗೊಜ್ಜು ಹೋದ ಮೇಲೆ ಪುರಸಭೆಯವರು ಒಂದು ಫೈರ್‌ವಾಲ್ ತರಿಸಿದರು. ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದು. ಊರಿನ ಒಂದೇ ಒಂದು ತಂತಿ ಅದರ ಹೊಟ್ಟೆಯೊಳಗಿಂದ ಹಾದುಹೋಗುತ್ತದೆ. ಏನೇನು ಹೊರಗೆ ಹೋಗಬಾರದು ಎಂದು ಅದಕ್ಕೆ ರೂಲು ಬರೆದುಕೊಡಬೇಕು. ರೂಲಿಗೆ ತಾಗಿದ ಮಾತನ್ನು ಅದು ಅಲ್ಲಿಯೇ ಹಿಡಿದು ನಿಲ್ಲಿಸಿ ನನ್ನ ಪರದೆಗೆ ತಂದು ಹಾಕುತ್ತದೆ. ರೂಲು ಬರೆಯುವವನು ನಾನು, ವಾಮದೇವ. ಊರಿನವರು ಪೆಟ್ಟಿಗೆಗೆ ಗೋಡೆ ಅನ್ನುತ್ತಾರೆ, ನನಗೆ ಗೋಡೆ ವಾಮದೇವ ಅನ್ನುತ್ತಾರೆ. ಬೈಯುವಾಗ ವಾಮದೇವ ಬಿಟ್ಟು ಬರೀ ಗೋಡೆ ಅನ್ನುತ್ತಾರೆ.

ಒಂದು ಮಧ್ಯಾಹ್ನ ಮೂರು ಗಂಟೆಗೆ ಲಿಂಗಾಜಕ್ಕ ನಮ್ಮ ಕಚೇರಿಗೆ ಬಂದರು. ಐವತ್ತೆಂಟು ವರ್ಷದ ಗಟ್ಟಿಮುಟ್ಟಾದ ಹೆಂಗಸು, ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಅವರ ಗಂಡ ಮರಿದೇವಣ್ಣ ಊರಿಗೆ ನೀರು ಬಿಡುತ್ತಿದ್ದವರು, ಸೈಕಲ್ಲಿಗೆ ಉದ್ದನೆಯ ಚಾವಿ ಕಟ್ಟಿಕೊಂಡು ಬೀದಿಬೀದಿಗೆ ಹೋಗಿ ವಾಲ್ವ್ ತಿರುಗಿಸುತ್ತಿದ್ದವರು. ತೀರಿಕೊಂಡು ಎಂಟು ತಿಂಗಳಾಗಿತ್ತು. ಅಕ್ಕ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತರು.

"ನಮ್ಮನೆಯವರು ಸೋರ್ತಾ ಇದಾರೆ ಕಣಪ್ಪ," ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮರಿದೇವಣ್ಣನ ಬಗ್ಗೆ ಕಥೆಯಿಲ್ಲದ ಮನೆ ಊರಿನಲ್ಲಿ ಇರಲಿಲ್ಲ. ಹೊಸ ಸೊಸೆ ಬಂದ ಬೀದಿಗೆ ಮೊದಲ ವಾರ ಕಾಲು ಗಂಟೆ ಹೆಚ್ಚು ನೀರು ಬಿಡುತ್ತಿದ್ದರು. ಜಗಳವಾಡಿ ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರು ಜೊತೆಯಾಗಿ ಬಂದು ಕೇಳುವವರೆಗೂ ಅವರ ಸಂದಿಯ ವಾಲ್ವಿನ ಮೇಲೆ ಟವೆಲ್ಲು ಹಾಸಿಕೊಂಡು ಕೂತಿದ್ದರು. ಸತ್ತವರ ಇಂಥ ಮಾತು ಯಾರಿಗೆ ತಾನೇ ನಾಲಿಗೆಯ ತುದಿಯಲ್ಲಿರುವುದಿಲ್ಲ? ಹೊರಗಿನ ನೆಂಟರು ಫೋನ್ ಮಾಡಿ ಊರಿನ ಸಮಾಚಾರ ಕೇಳಿದರೆ ಜನ ಮರಿದೇವಣ್ಣನದೇ ಒಂದು ಕಥೆ ಹೇಳುತ್ತಿದ್ದರು. ಹೇಳಿದ್ದು ಹೋಗುತ್ತಿತ್ತು. ಹೀಗೆ ವಾರಕ್ಕೊಂದೆರಡರಂತೆ ಮನುಷ್ಯ ಕರಗುತ್ತಿದ್ದರು.

"ಯಾರೂ ಕೆಟ್ಟದ್ದು ಹೇಳಲ್ಲ. ಎಲ್ಲಾ ಪ್ರೀತಿಯಿಂದಲೇ ಹೇಳೋದು. ಅದೇ ತೊಂದರೆ ಆಗಿರೋದು," ಎಂದರು ಅಕ್ಕ. "ಅವರಿಗೆ ಬಾತುಕೋಳಿ ಕಂಡ್ರೆ ಭಯ ಇತ್ತು ಅಂತ ನಾನೇ ಒಂದು ಸಲ ನಿನಗೆ ಹೇಳಿದ್ದೆನಂತೆ. ನಿನ್ನ ಹೆಂಡತಿ ಡೈರಿಯಲ್ಲಿ ಬರೆದಿಟ್ಟಿದ್ಲು, ಮೊನ್ನೆ ತೋರಿಸಿದ್ಲು. ಯಾಕೆ ಭಯ ಅಂತ ಈಗ ಯಾರಿಗೂ ಗೊತ್ತಿಲ್ಲ. ನನಗೇ ಗೊತ್ತಿಲ್ಲ ಅಂದ್ರೆ ಹೆಂಗಪ್ಪ? ಅವರು ಹೊರಗೆ ಹೋಗದ ಹಂಗೆ ಒಂದು ರೂಲು ಮಾಡ್ಕೊಡು."

ಡಬ್ಬಿಯಲ್ಲಿ ನಿಪ್ಪಟ್ಟಿತ್ತು. ನಾನು ಲಂಚಕ್ಕೆ ಕೈಯೊಡ್ಡುವವನಲ್ಲ, ಆದರೆ ನಿಪ್ಪಟ್ಟು ಲಂಚವಲ್ಲ. ಆಗಲಿ ಎಂದೆ.

ಮೊದಲು ಸುಲಭದ ದಾರಿ ಹಿಡಿದೆ. ಮರಿದೇವ, ನೀರು, ಚಾವಿ, ವಾಲ್ವ್, ಸೈಕಲ್ ಎಂದು ಐದು ಪದ ಬರೆದು, ಇವುಗಳಲ್ಲಿ ಯಾವುದು ಕಂಡರೂ ತಡೆ ಎಂದೆ. ಹೊಸ ರೂಲನ್ನು ಮೂರು ದಿನ ಸುಮ್ಮನೆ ನೋಡುವುದಕ್ಕೆ ಬಿಡಬೇಕು, ಆಮೇಲೆ ತಡೆಯುವುದಕ್ಕೆ ಹಚ್ಚಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಅಕ್ಕನ ಅವಸರ ನೋಡಿ ನಾನು ಅವತ್ತೇ ಹಚ್ಚಿಬಿಟ್ಟೆ. ಸಂಜೆಯ ಹೊತ್ತಿಗೆ ನನ್ನ ಪರದೆಯ ಮೇಲೆ ಮುನ್ನೂರ ನಲವತ್ತು ಮಾತುಗಳು ಸಿಕ್ಕಿಕೊಂಡಿದ್ದವು. ಸ್ನಾನಕ್ಕೆ ನೀರು ಕಾಯಿಸಿದ್ದೇನೆ ಬೇಗ ಬಾ ಎಂಬುದು, ಬೀರುವಿನ ಚಾವಿ ಎಲ್ಲಿಟ್ಟೆ ಎಂಬುದು, ಮನೆದೇವರ ಹೆಸರಿಟ್ಟುಕೊಂಡಿದ್ದ ಯಾವನೋ ಮರಿದೇವನ ಲಗ್ನಪತ್ರಿಕೆ, ಎಲ್ಲ ಅಲ್ಲಿ ಬಿದ್ದಿದ್ದವು. ಆ ಮದುವೆಗೆ ಹೊರಗಿನಿಂದ ಒಬ್ಬ ನೆಂಟನೂ ಬರಲಿಲ್ಲ. ಹುಡುಗನ ಅಪ್ಪ ಒಂದು ವಾರ ನನ್ನನ್ನು ಬರೀ ಗೋಡೆ ಎಂದೇ ಕರೆದರು.

ಆಮೇಲೆ ಮೂರು ಪದ ಒಟ್ಟಿಗೆ ಬಂದರೆ ಮಾತ್ರ ತಡೆ ಎಂದು ಬದಲಾಯಿಸಿದೆ. ಊರು ಉಸಿರಾಡಿತು, ಆದರೆ ಮರಿದೇವಣ್ಣ ಮತ್ತೆ ಸೋರತೊಡಗಿದರು. ಜನ ಹೆಸರು ಹಿಡಿದು ಮಾತಾಡುವುದು ಎಲ್ಲಿ ಬಂತು? 'ನಮ್ಮ ಮಹಾರಾಯ ಅವತ್ತು ಏನು ಮಾಡಿದ ಗೊತ್ತಾ' ಎಂದು ಶುರುಮಾಡಿದರೆ ಗೋಡೆಗೆ ತಲೆಬುಡ ತಿಳಿಯುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ಕಥೆಯನ್ನು ಪೂರ್ತಿ ಪೆಟ್ಟಿಗೆಗೆ ಓದಿಸಿಟ್ಟರೆ ಅದು ಕಥೆಯ ಗುರುತು ಇಟ್ಟುಕೊಳ್ಳುತ್ತದೆ. ಆಮೇಲೆ ಯಾರು ಯಾವ ಮಾತಿನಲ್ಲಿ ಹೇಳಹೊರಟರೂ ಹಿಡಿಯುತ್ತದೆ.

"ಅಂದ್ರೆ ಎಲ್ಲಾನೂ ನಿನಗೆ ಹೇಳ್ಬೇಕಾ?" ಎಂದು ಅಕ್ಕ ಕೇಳಿದರು.

"ಎಲ್ಲಾನೂ ಅಕ್ಕ. ನೀವು ಬಿಟ್ಟಿದ್ದು ಗೋಡೆಗೂ ಗೊತ್ತಾಗಲ್ಲ."

"ನಾನೊಬ್ಬಳು ಹೇಳಿದ್ರೆ ಸಾಲಲ್ಲ ಹಂಗಾದ್ರೆ," ಎಂದು ಎದ್ದರು.

ಅಲ್ಲಿಂದ ನಲವತ್ತು ದಿನ ಲಿಂಗಾಜಕ್ಕ ಬೆಳಿಗ್ಗೆ ಒಂದೊಂದು ಬೀದಿ ಹಿಡಿದು ಮನೆಮನೆಗೂ ಹೋದರು. ನಿಮ್ಮ ಹತ್ತಿರ ನಮ್ಮನೆಯವರದು ಏನಿದೆ, ಕೊಡಿ ಎಂದು ಕೇಳಿದರು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ನನ್ನ ಮುಂದೆ ಕೂತು ತಂದದ್ದನ್ನು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಡಬ್ಬಿಯಲ್ಲಿ ಒಂದು ದಿನ ಕಡುಬು, ಒಂದು ದಿನ ಹುರಿಗಾಳು, ಒಂದು ದಿನ ಅವರೆಕಾಳಿನ ಉಪ್ಪಿಟ್ಟು. ಅಕ್ಕ ಕಥೆ ಹೇಳುತ್ತ ನಡುನಡುವೆ ನಗುತ್ತಿದ್ದರು. ಕೆಲವು ಅವರಿಗೇ ಹೊಸವು. ತಮ್ಮ ಗಂಡ ಇನ್ನೊಂದು ಬೀದಿಯಲ್ಲಿ ಹೀಗೂ ಇದ್ದರು ಎಂದು ತಿಳಿದದ್ದನ್ನು ನನ್ನಿಂದ ಇನ್ನೊಮ್ಮೆ ಓದಿಸಿ ಕೇಳುತ್ತಿದ್ದರು. ನಿಜ ಹೇಳುತ್ತೇನೆ, ನನ್ನ ಉದ್ಯೋಗದಲ್ಲಿ ಅಷ್ಟು ಪ್ರೀತಿಯಿಂದ ಬರೆದ ರೂಲು ಇನ್ನೊಂದಿಲ್ಲ. ಕೊನೆಗೆ ಇನ್ನೂರ ಹನ್ನೆರಡು ಕಥೆಗಳಾದವು. ಮೂರು ದಿನ ನೋಡುವುದಕ್ಕೆ ಬಿಟ್ಟು, ನಾಲ್ಕನೆಯ ದಿನ ಹಚ್ಚಿದೆ. ಒಂದು ಹನಿಯೂ ಸೋರಲಿಲ್ಲ.

ಆದರೆ ಪೆಟ್ಟಿಗೆ ಹೊಟ್ಟೆ ಬಿರಿಯ ಉಂಡವರ ಹಾಗೆ ಏದುಸಿರು ಬಿಡಲು ಶುರುಮಾಡಿತು. ಊರಿನಿಂದ ಹೊರಡುವ ಒಂದೊಂದು ಮಾತನ್ನೂ ಇನ್ನೂರ ಹನ್ನೆರಡು ಕಥೆಗಳ ಜೊತೆ ಹೋಲಿಸಿ ನೋಡಬೇಕಲ್ಲ. ಬೆಳಿಗ್ಗೆ ಕಳಿಸಿದ ಮೆಸೇಜು ಸಂಜೆಗೆ ತಲುಪುತ್ತಿತ್ತು. ಮುಖ್ಯಾಧಿಕಾರಿಗಳು ನನ್ನನ್ನು ಕರೆಸಿ, ನಾಳೆಯೊಳಗೆ ಇದನ್ನು ಸರಿಮಾಡು, ಇಲ್ಲ ಆ ರೂಲು ಕಿತ್ತುಹಾಕು ಎಂದರು. ಕಿತ್ತುಹಾಕುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಪೆಟ್ಟಿಗೆ ಮಾಡಿದ ಕಂಪನಿಗೆ ಫೋನ್ ಮಾಡಿದೆ. ದೂರದ ಶಹರಿನಲ್ಲಿ ಕೂತು ಇಂಥ ತೊಂದರೆ ಕೇಳುವವರು ಜೆಸಿಂತಾ ಎಂಬ ಇಂಜಿನಿಯರು, ಕರಾವಳಿ ಕಡೆಯ ಮಾತಿನವರು. ನನ್ನ ಹಳೇ ಪರಿಚಯ.

"ಸೆಟ್ಟಿಂಗಿನ ಫೈಲು ಒಂದು ಕಳಿಸಿ ವಾಮದೇವರೇ, ನೋಡಿ ಹೇಳ್ತೇನೆ," ಎಂದರು.

ಪೆಟ್ಟಿಗೆಯಲ್ಲಿ ಅದಕ್ಕೊಂದು ಬಟನ್ನು ಇದೆ. ಒತ್ತಿದರೆ ಪೆಟ್ಟಿಗೆ ತನ್ನ ರೂಲುಗಳನ್ನೆಲ್ಲ ಮೂಟೆಕಟ್ಟಿ ತಾನೇ ಕಂಪನಿಗೆ ಕಳಿಸುತ್ತದೆ. ಹಿಂದೆ ನಾಲ್ಕು ಸಲ ಒತ್ತಿದ್ದೆ. ಆಗ ರೂಲುಗಳಲ್ಲಿ ಬರೀ ಬಿಡಿ ಪದಗಳಿದ್ದವು. ಊರಿನವರ ಮಾತನ್ನೆಲ್ಲ ಬಿಚ್ಚಿ ನೋಡುವ ಪೆಟ್ಟಿಗೆ ತಾನು ಕಳಿಸುವುದನ್ನು ಬಿಚ್ಚಿ ನೋಡುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಭ್ಯಾಸಬಲದಿಂದ ಒತ್ತಿದೆ, ಮನೆಗೆ ಹೋಗಿ ಉಂಡು ಮಲಗಿದೆ.

ಮರುದಿನ ಹನ್ನೊಂದು ಗಂಟೆಗೆ ಜೆಸಿಂತಾ ಫೋನ್ ಮಾಡಿದರು. ದನಿಯಲ್ಲಿ ನಗುವಿತ್ತು.

"ನಿಧಾನ ಆಗದೆ ಇನ್ನೇನಾಗ್ತದೆ ಮಾರಾಯ್ರೆ. ರೂಲಿನಲ್ಲಿ ದೊಡ್ಡ ಪುರಾಣವೇ ಉಂಟಲ್ಲ. ಬೇರೆ ಕೆಲಸ ಬಿಟ್ಟು ಓದ್ತಾ ಕೂತೆ. ಈ ಮರಿದೇವಣ್ಣ ಅಂದ್ರೆ ಯಾರು? ನಿಮ್ಮ ಸಂಬಂಧವಾ?"

"ಯಾವ ಮರಿದೇವಣ್ಣ?" ಎಂದೆ ನಾನು.

ಅವರು ತಮಾಷೆ ಎಂದುಕೊಂಡು ನಕ್ಕರು. ಪರದೆಯ ಮೇಲೆ ರೂಲು ತೆರೆದೆ. ಒಂದರಿಂದ ಇನ್ನೂರ ಹನ್ನೆರಡರವರೆಗೆ ಅಂಕಿಗಳಿದ್ದವು, ಅಂಕಿಗಳ ಮುಂದೆ ಏನೂ ಇರಲಿಲ್ಲ. ಲಿಂಗಾಜಕ್ಕ ನಲವತ್ತು ದಿನ ಬಂದು ಕೂತದ್ದು ನೆನಪಿತ್ತು. ಕಡುಬು ನೆನಪಿತ್ತು, ಉಪ್ಪಿಟ್ಟು ನೆನಪಿತ್ತು, ಅವರು ನಕ್ಕದ್ದು ನೆನಪಿತ್ತು. ಯಾತಕ್ಕೆ ನಕ್ಕರು, ಯಾರ ಮಾತು ಹೇಳಿದರು ಎಂಬುದು ಎಷ್ಟು ತಿಣುಕಿದರೂ ಬರಲಿಲ್ಲ. ಹೊಸ ಸೊಸೆಯ ನೀರು, ಅಣ್ಣತಮ್ಮಂದಿರ ಜಗಳ ಎಂದು ಮೇಲೆ ಬರೆದೆನಲ್ಲ, ಅವೆಲ್ಲ ಆಮೇಲೆ ಕೇಳಿ ತಿಳಿದದ್ದು.

ಮೂರು ಗಂಟೆಗೆ ಅಕ್ಕ ಬಂದರು. ಕೈಯಲ್ಲಿ ಡಬ್ಬಿಯಿತ್ತು. ಬಾಗಿಲಲ್ಲೇ ನಿಂತು ಒಳಗೆ ಬರಲೋ ಬೇಡವೋ ಎಂಬಂತೆ ನೋಡಿದರು.

"ಯಾಕೆ ಬಂದೆ ಅಂತ ಗೊತ್ತಾಗ್ತಿಲ್ಲ ಕಣಪ್ಪ. ಮೂರು ಗಂಟೆ ಆಯ್ತು, ಕಾಲು ಈ ಕಡೆ ಬಂದ್ವು."

"ಕೂತ್ಕೊಳ್ಳಿ ಅಕ್ಕ."

"ಮನೇಲಿ ಒಂದು ಗಂಡಸರ ಸೈಕಲ್ ನಿಂತಿದೆ. ಯಾರದೋ ಫೋಟೋಗೆ ಹೂ ಹಾಕಿದೆ, ಹಾಕಿದವಳು ನಾನೇ ಇರ್ಬೇಕು." ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಒಬ್ಬರು ತೀರಿಕೊಂಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಅವರ ತಲೆ ನನ್ನ ತೊಡೆ ಮೇಲಿತ್ತು. ಆ ಬೆಳಿಗ್ಗೆ ಪೂರ್ತಿ ಕಣ್ಣಿಗೆ ಕಟ್ಟಿದ ಹಂಗಿದೆ. ಯಾರು ಅಂತ ಮಾತ್ರ ಬರ್ತಾ ಇಲ್ಲ. ಯಾರಿಗೆ ಅಂತ ಗೊತ್ತಿಲ್ಲದೆ ಅಳು ಬಂದ್ರೆ ಎಷ್ಟು ಕಷ್ಟ ಗೊತ್ತಾ?"

ಆ ಬೆಳಗಿನ ಸಂಗತಿಯೊಂದನ್ನು ಅಕ್ಕ ನಲವತ್ತು ದಿನಗಳಲ್ಲಿ ನನಗೆ ಹೇಳಿರಲೇ ಇಲ್ಲ ಎಂದು ಆಗ ತಿಳಿಯಿತು. ಹೇಳಿದ್ದರೆ ಅದೂ ಹೋಗುತ್ತಿತ್ತು. ಮನುಷ್ಯನನ್ನು ಪೂರ್ತಿ ಹೊರಗೆ ಕಳಿಸಿ, ಸಾವನ್ನು ಮಾತ್ರ ಅವರ ಮಡಿಲಲ್ಲಿ ಬಿಟ್ಟಿದ್ದೆ. ಮುಚ್ಚಿಟ್ಟರೆ ಉಳಿಗಾಲವಿಲ್ಲವೆಂದು, ಜೆಸಿಂತಾ ಬೆಳಿಗ್ಗೆ ಫೋನಿನಲ್ಲಿ ತಿಳಿಸಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ನಿಮಗೆ ಮರಿದೇವಣ್ಣ ಎಂಬ ಗಂಡ ಇದ್ದರಂತೆ, ಅವರು ಸೋರದಿರಲಿ ಎಂದು ನೀವು ಊರೆಲ್ಲ ಸುತ್ತಿ ಕೂಡಿಸಿ ತಂದಿರಿ, ನಾನು ಒಂದೇ ಬಟನ್ನಿನಲ್ಲಿ ಎಲ್ಲವನ್ನೂ ಕಳೆದೆ ಎಂದೆ.

"ಬೈಯಿರಿ ಅಕ್ಕ. ಕೈಯಲ್ಲಿದ್ದ ಡಬ್ಬೀಲಿ ಹೊಡೀರಿ."

"ಏನು ಕಳ್ಕೊಂಡೆ ಅಂತ ಗೊತ್ತಿದ್ರೆ ಬೈತಿದ್ದೆ," ಎಂದರು ಅಕ್ಕ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆಗೆ ತಳ್ಳಿದರು. "ತಿನ್ನು. ಹೊಟ್ಟೆಗಿಲ್ಲದೆ ಇಷ್ಟು ಬಿಳಿಚ್ಕೊಂಡಿದ್ದೀಯ."

ತಿನ್ನಲಾಗಲಿಲ್ಲ. ನಡೆದದ್ದನ್ನು ಮರೆತರೆ ಓದಿಕೊಳ್ಳಲೆಂದು ಹಾಳೆಯ ಮೇಲೆ ಬರೆದಿಟ್ಟು, ಜೆಸಿಂತಾಗೆ ಫೋನ್ ಹಚ್ಚಿ ವಿವರಿಸಿದೆ. ಹೊರಗಿನವರಿಗೆ ನಮ್ಮೂರಿನ ಕಟ್ಟಳೆ ನಂಬುವುದು ಕಷ್ಟ. ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಅಮ್ಮ ಅಲ್ಲೇ ಇದ್ದಾರಾ ಎಂದು ಕೇಳಿದರು. ಇದ್ದಾರೆ ಎಂದೆ. ಫೋನನ್ನು ಸ್ಪೀಕರಿಗೆ ಹಾಕಿ ಎಂದರು, ಹಾಕಿದೆ. ಅವರು ಒಂದನೆಯ ಕಥೆಯಿಂದ ಓದಲು ಶುರುಮಾಡಿದರು.

ಒಂದನೆಯದು ಹೆಣ್ಣು ನೋಡಲು ಬಂದ ದಿನದ್ದು. ಗಂಡು ಅಂಗಳದಲ್ಲಿ ಕೂತು ಕುಡಿಯಲು ನೀರು ಕೇಳುತ್ತಾನೆ. ಹುಡುಗಿ ತಂದುಕೊಡುತ್ತಾಳೆ. ಮುಖ ನೋಡಲು ನಾಚಿಕೆಯಾಗಿ ಲೋಟದೊಳಗೇ ನೋಡುತ್ತ ಕುಡಿಯುತ್ತಾನೆ, ಇನ್ನೊಂದು ಲೋಟ ಕೇಳುತ್ತಾನೆ. ಹೀಗೆ ಏಳು ಲೋಟ. ಏಳನೆಯದಕ್ಕೆ ಹುಡುಗಿಯ ಅಪ್ಪ, ನಮ್ಮ ಬಾವಿ ಬತ್ತುವುದರೊಳಗೆ ಹೂಂ ಅನ್ನಪ್ಪ ಎನ್ನುತ್ತಾರೆ. ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು.

"ಪಾಪ, ಆ ಹುಡುಗಿ ಏನಂದ್ಕೊಂಡ್ಳೋ," ಎಂದರು.

"ಆ ಹುಡುಗಿ ನೀವೇ ಅಕ್ಕ," ಎಂದೆ.

ಅವರ ನಗು ನಿಂತಿತು. ಕಣ್ಣು ಮುಚ್ಚಿ ಹುಡುಕಿದರು, ಅಂಗಳ, ಲೋಟ, ಏನಾದರೂ ಸಿಗುತ್ತದೇನೋ ಎಂದು. ಸಿಗಲಿಲ್ಲವೆಂದು ತಲೆಯಾಡಿಸಿದರು. "ಇನ್ನೊಂದು ಓದು ತಾಯಿ," ಎಂದರು ಫೋನಿನ ಕಡೆಗೆ ಬಾಗಿ.

ಅಂದಿನಿಂದ ಮಧ್ಯಾಹ್ನ ಮೂರು ಗಂಟೆಗೆ ಜೆಸಿಂತಾ ತಮ್ಮ ಚಹಾದ ಬಿಡುವಿನಲ್ಲಿ ಫೋನ್ ಮಾಡಿ ನಾಲ್ಕೈದು ಕಥೆ ಓದುವುದು ರೂಢಿಯಾಯಿತು. ಒಬ್ಬೊಬ್ಬರಾಗಿ ಊರಿನವರೂ ಬರತೊಡಗಿದರು. ಅವರವರದೇ ಕಥೆಯನ್ನು ಅವರವರೇ ಬಾಯಿ ತೆರೆದುಕೊಂಡು ಕೇಳಿದರು. ನಮ್ಮ ಸಂದಿಯಲ್ಲಿ ಟವೆಲ್ಲು ಹಾಸಿಕೊಂಡು ಕೂತಿದ್ದನಂತೆ ಎಂದು ಆ ಅಣ್ಣತಮ್ಮಂದಿರು ಒಬ್ಬರ ಬೆನ್ನಿಗೊಬ್ಬರು ಗುದ್ದಿ ನಕ್ಕರು. ಮುಖ್ಯಾಧಿಕಾರಿಗಳು ರೂಲಿನ ವಿಷಯ ಮತ್ತೆ ಎತ್ತಲಿಲ್ಲ, ತಾವೂ ಒಂದು ಕುರ್ಚಿ ಹಾಕಿಸಿಕೊಂಡರು. ಯಾರಿಗೂ ಏನೂ ನೆನಪಾಗಲಿಲ್ಲ. ಆದರೂ ನಾಳೆ ಏನು ಮಾಡುತ್ತಾನೋ ಈ ಮನುಷ್ಯ ಎಂದು ಕಾಯುವಂತಾಯಿತು.

ಲಿಂಗಾಜಕ್ಕನಲ್ಲಿ ಒಂದು ಬದಲಾವಣೆ ಕಂಡೆ. ಮೊದಮೊದಲು 'ಅವನು' ಎನ್ನುತ್ತಿದ್ದವರು 'ಇವರು' ಎನ್ನತೊಡಗಿದರು. ಸೈಕಲ್ಲನ್ನು ತೊಳೆದು ಚೈನಿಗೆ ಎಣ್ಣೆ ಬಿಟ್ಟರು. ಒಂದು ದಿನ ಕಚೇರಿಯ ಮೆಟ್ಟಿಲಿಳಿಯುವಾಗ, "ಇವರು ಒಳ್ಳೆಯವರು ಕಣಪ್ಪ. ಸ್ವಲ್ಪ ತಲೆಹರಟೆ, ಆದ್ರೆ ಒಳ್ಳೆಯವರು. ಇಂಥವರ ಜೊತೆ ಮೂವತ್ತೈದು ವರ್ಷ ಬಾಳಿದ್ದೀನಿ ಅಂದ್ರೆ ನನ್ನ ಪುಣ್ಯ," ಎಂದರು. ಅವರ ಮುಖ ನಿಶ್ಚಿತಾರ್ಥವಾದ ಹುಡುಗಿಯ ಮುಖದ ಹಾಗಿತ್ತು. ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು.

ಇನ್ನೂರ ಹನ್ನೆರಡನೆಯದು ಮುಗಿದ ಮರುದಿನ ಅಕ್ಕ ಒಬ್ಬರೇ ಬಂದರು, ಎಲ್ಲರಿಗಿಂತ ಮೊದಲೇ.

"ವಾಮದೇವ, ಆ ಬೆಳಿಗ್ಗೆದು ಇದೆಯಲ್ಲ, ಅವರು ಹೋದದ್ದು. ಅದನ್ನ ಆ ಹುಡುಗಿಗೆ ಹೇಳಿಬಿಡ್ತೀನಿ. ಹೇಳಿದ್ರೆ ನನ್ನಿಂದ ಹೋಗುತ್ತಲ್ಲ?"

"ಹೋಗುತ್ತೆ."

"ಎದೆ ಮೇಲೆ ಕಲ್ಲು ಕೂತ ಹಂಗಿದೆ. ಅದೊಂದು ಹೋದ್ರೆ ಇವರ ಕಥೆ ಕೇಳ್ಕೊಂಡು ನಗ್ತಾ ಇರಬಹುದು."

ಬೇಡ ಎನ್ನಲು ನನಗೆ ಯಾವ ಮುಖವಿತ್ತು? ಅವರ ಮಾತು ಯಾವ ರೂಲಿಗೂ ತಾಗದೆ ಹೋಗಲಿ ಎಂದು, ಎಲ್ಲ ತಡೆಗಳಿಗಿಂತ ಮೇಲಿನ ಸಾಲಿನಲ್ಲಿ, ಈ ಫೋನಿನಿಂದ ಹೋಗುವುದನ್ನು ಬಿಡು ಎಂಬ ರೂಲು ಹಾಕಿದೆ. ಮೇಲಿನದನ್ನು ಪೆಟ್ಟಿಗೆ ಮೊದಲು ಓದುತ್ತದೆ, ಅದು ಬಿಡು ಎಂದರೆ ಕೆಳಗಿನವನ್ನು ನೋಡುವುದೇ ಇಲ್ಲ. ಜೆಸಿಂತಾಗೆ ಫೋನ್ ಮಾಡಿ, ಅಕ್ಕನಿಗೆ ಏನೋ ಹೇಳುವುದಿದೆಯಂತೆ ಎಂದಷ್ಟೇ ಅಂದೆ. "ಹೇಳಲಿ, ನಾನು ಜೋಪಾನವಾಗಿ ಇಟ್ಟುಕೊಳ್ತೇನೆ," ಎಂದರು ಆಕೆ. ಫೋನನ್ನು ಅಕ್ಕನ ಕೈಗೆ ಕೊಟ್ಟು ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಅವರು ಹೇಳಿ ಮುಗಿಸಿದ ಮೇಲೆ ಯಾಕೆ ಬಂದೆ ಎಂದು ಮತ್ತೆ ಕೇಳಿದರೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ.

"ಹೇಳಿ ಅಮ್ಮಾ," ಎಂಬುದು ಆ ಕಡೆಯಿಂದ ಸಣ್ಣಗೆ ಕೇಳಿಸಿತು.

"ಅವತ್ತು ಬೆಳಿಗ್ಗೆ," ಎಂದರು ಅಕ್ಕ. ಅಷ್ಟಕ್ಕೇ ನಿಲ್ಲಿಸಿದರು. ತಿರುಗಿ ನೋಡಿದೆ. ಅವರ ಇನ್ನೊಂದು ಕೈ ತೊಡೆಯ ಮೇಲಿತ್ತು, ಅಲ್ಲೊಂದು ತಲೆಯಿದ್ದ ಹಾಗೆ ಬೆರಳುಗಳು ಮೆಲ್ಲಗೆ ಆಡುತ್ತಿದ್ದವು.

"ಇಟ್ಟುಬಿಡು ತಾಯಿ," ಎಂದರು. "ಇದನ್ನ ಕೊಡೋದಕ್ಕಾಗಲ್ಲ."

ಫೋನನ್ನು ಮೇಜಿನ ಮೇಲಿಟ್ಟರು. ಆಮೇಲೆ ನನಗೆ ಹೇಳಿದರು, "ಮಿಕ್ಕಿದ್ದೆಲ್ಲ ಆ ಹುಡುಗಿ ಓದಿ ಹೇಳಿದ್ದು. ಅವರನ್ನ ನಾನೇ ಕಣ್ಣಾರೆ ಕಂಡಿದ್ದು ಅಂತ ಉಳಿದಿರೋದು ಅದೊಂದೇ ಬೆಳಿಗ್ಗೆ. ಅವತ್ತು ತೊಡೆ ಮೇಲಿದ್ದವರು ಆ ಏಳು ಲೋಟ ನೀರು ಕುಡಿದವರೇ ಅಂತ ಈಗ ಗೊತ್ತಾಯ್ತು. ಅಳೋದಾದ್ರೂ ಅವರಿಗೇ ಅಂತ ಅಳ್ತೀನಿ."

ನಾನು ಮೇಲಿನ ಸಾಲಿನ ರೂಲು ಅಳಿಸಿದೆ. ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡು ಆ ಬೆಳಗಿನ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅರ್ಧ ಗಂಟೆ ಹಿಡಿಯಿತು. ನಾನು ಕೀಬೋರ್ಡು ಮುಟ್ಟಲಿಲ್ಲ. ಹಾಳೆಯ ಮೇಲೂ ಬರೆಯುವುದಿಲ್ಲ.